ಗೋಮಾಳದಲ್ಲಿ ಯಾವ ಮರ?

ಬೇಸಿಗೆಯ ನಡುಹಗಲಿನಲ್ಲಿ ಬಯಲುಸೀಮೆಯ ದನಗಾಹಿ ತನ್ನ ದನಗಳನ್ನು ಜಾಲಿಯೋ ಬೇವೋ ಇರುವ ಕಡೆಗೆ ಹೊಡೆದುಕೊಂಡು ಹೋಗುತ್ತಾನೆ. ನೆರಳಿನಲ್ಲಿ ಅವು ಮಲಗಿ ಮೆಲುಕು ಹಾಕುತ್ತವೆ. ಉದುರಿದ ಜಾಲಿಕಾಯಿ ಆಡು, ಕುರಿಗಳ ಪಾಲಾಗುತ್ತದೆ. ಈ ಹಳೆಯ ನೋಟಕ್ಕೆ ಈಗ ಹೊಸ ಮಹತ್ವ ಬಂದಿದೆ. ಭೂಮಿಯ ತಾಪ ಏರುತ್ತಿರುವ ಈ ದಿನಗಳಲ್ಲಿ ಹುಲ್ಲುಗಾವಲುಗಳಲ್ಲಿ ಮರ, ಪೊದೆಗಳನ್ನು ಬೆಳೆಸಬೇಕೆಂದು ಹಲವು ದೇಶಗಳ ವಿಜ್ಞಾನಿಗಳು ಸಲಹೆ ನೀಡುತ್ತಿದ್ದಾರೆ.

ಇದಕ್ಕೆ ಕಾರಣಗಳಿವೆ. ಮರವು ಗಾಳಿಯಲ್ಲಿರುವ ಇಂಗಾಲವನ್ನು ಹೀರಿ ಕಾಂಡ, ಬೇರುಗಳಲ್ಲಿ ಕೂಡಿಡುತ್ತದೆ. ಉದುರಿದ ಎಲೆ ಮಣ್ಣಿಗೆ ಸಾರ ಕೊಡುತ್ತದೆ. ಜಾಲಿಯಂಥ ದ್ವಿದಳ ಜಾತಿಯ ಮರಗಳು ಸಾರಜನಕವನ್ನೂ ಸೇರಿಸುತ್ತವೆ. ಬಿಸಿಲಿನ ಬೇಗೆಗೆ ಹಾಲು ಕಡಿಮೆಯಾಗುವುದು ನೆರಳಿನಿಂದ ತಪ್ಪುತ್ತದೆ. ಹುಲ್ಲು ಒಣಗಿದ ತಿಂಗಳುಗಳಲ್ಲಿ ಸೊಪ್ಪು, ಕಾಯಿ ಮೇವಾಗುತ್ತವೆ.

ಕನ್ನಡ ನಾಡಿಗೆ ಈ ತಿಳಿವಳಿಕೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಅರಮನೆಯ ಹಸುಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟ. ಸೈನ್ಯದ ಸಾಮಾನು ಎಳೆಯುವ ಎತ್ತುಗಳು ಇಲ್ಲಿ ಹುಟ್ಟುತ್ತಿದ್ದವು. ಇವುಗಳಿಗೆಂದೇ ಮೀಸಲಾದ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳೆಂದು ವಿಂಗಡಿಸಲಾಗಿತ್ತು. ಇವುಗಳ ಪೈಕಿ ಮುಂಗಾರಿಗೆ ಮುನ್ನ ಮಳೆ ಬೀಳುವ, ದನಗಳಿಗೆ ನೆರಳು ನೀಡುವ ಮರಗಳೂ ಇರುವ ಬೇಸಿಗೆ ಕಾವಲುಗಳಿಗೇ ಎಲ್ಲಕ್ಕಿಂತ ಹೆಚ್ಚು ಬೆಲೆ. ಅವುಗಳನ್ನು ಬೇರೆ ಋತುವಿನಲ್ಲಿ ಮೇಯಿಸದೆ ಬೇಸಿಗೆಗೆಂದೇ ಕಾಯ್ದಿಡುತ್ತಿದ್ದರು.

ಆದರೆ ಮೇವಿನ ನೆಲದಲ್ಲಿ ಮರ ನೆಟ್ಟರೆ ಸಾಕು, ಒಳಿತೇ ಆಗುತ್ತದೆ ಎಂದು ಹೇಳುವಂತಿಲ್ಲ. ಇದಕ್ಕೂ ನಮ್ಮಲ್ಲೇ ನಿದರ್ಶನವಿದೆ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದವು. ತಿರುಳಿಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನನ್ನು ಗೊತ್ತುಮಾಡಲಾಯಿತು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆರಿಸುತ್ತಿದ್ದ ನೆಲವೂ ಅದರಲ್ಲಿ ಸೇರಿತ್ತು. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಒತ್ತೊತ್ತಾಗಿ ನೆಟ್ಟ ಮರಗಳ ಕೆಳಗೆ ಹುಲ್ಲೂ ಸರಿಯಾಗಿ ಬರುವುದಿಲ್ಲ. ಕಡತದಲ್ಲಿ ಹಸಿರು ಹೆಚ್ಚಿತು, ಹಳ್ಳಿಯಲ್ಲಿ ಮೇವು ಕಡಿಮೆಯಾಯಿತು.

1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ, ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದರ ಮುಂಚೂಣಿಯಲ್ಲಿತ್ತು. ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಜನರಿಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹವೆಂದು ಹೆಸರಾದ ಈ ಹೋರಾಟ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. 1991ರಲ್ಲಿ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು.

ಸತ್ಯಾಗ್ರಹದ ಹೆಸರಿನ ಎರಡನೇ ಪದವನ್ನು ಮರೆಯಬಾರದು. ಕುಸನೂರಿನ ಜನ ಮರವನ್ನು ವಿರೋಧಿಸಲಿಲ್ಲ. ಯಾವ ಮರ, ಯಾರಿಗಾಗಿ ಎಂದು ಕೇಳಿದರು. ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ, 2015ರಲ್ಲಿ, ಭಾರತವು 2030ರೊಳಗೆ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟನ್ನು ಹೆಚ್ಚುವರಿಯಾಗಿ ಹೀರಿಕೊಳ್ಳುವ ಗುರಿ ಹಾಕಿಕೊಂಡಿತು. ಇಷ್ಟು ಮರಗಳಿಗೆ ನೆಲ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು 'ಖಾಲಿ' ಕಾಣುವ ಗೋಮಾಳ, ಕಾವಲುಗಳೇ.

ಅವು ಖಾಲಿ ನೆಲವಲ್ಲ. ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನು ನೆಲದೊಳಗೆ, ಬೇರು ಮತ್ತು ಮಣ್ಣಿನಲ್ಲಿ ಇಟ್ಟುಕೊಂಡಿರುತ್ತದೆ. ಮರಕ್ಕಾಗಿ ಆ ನೆಲವನ್ನು ಅಗೆದು ಕೆದಕಿದರೆ ಇದ್ದದ್ದೂ ಹೋಗಬಹುದು. ಬಿಸಿಲು ಹುಲ್ಲಿನವರೆಗೆ ಇಳಿಯುವಷ್ಟು ಅಂತರದಲ್ಲಿ, ದನ ತಿನ್ನಬಲ್ಲ ಸೊಪ್ಪು, ಕಾಯಿ ಕೊಡುವ ನಾಡಮರಗಳನ್ನು ಬೆಳೆಸಿದರೆ ಮಾತ್ರ ಮರ, ಮೇವು ಎರಡೂ ಉಳಿಯುತ್ತವೆ. ಯಾವ ಮರ ಎಂಬುದನ್ನು ಅಲ್ಲಿ ದನ ಮೇಯಿಸುವವರನ್ನು ಕೇಳಿ ನಿರ್ಧರಿಸಿದರೆ, ಕುಸನೂರಿನಲ್ಲಿ ಆದಂತೆ ನೆಟ್ಟದ್ದನ್ನು ಕೀಳುವ ಪ್ರಸಂಗ ಮತ್ತೆ ಬರಲಾರದು.