ಕಣಿವೆಯಲ್ಲಿ ಅಳೆಯಬೇಕಿದ್ದ ಅಂಕಿ: ಎಂಡೋಸಲ್ಫಾನ್ ಪ್ರಕರಣ ಮತ್ತು ರಾಸಾಯನಿಕ ಅಪಾಯದ ಅಂದಾಜು

ಪೀಠಿಕೆ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಗುಡ್ಡದ ಮೇಲೆ ಗೇರುತೋಟ, ಕೆಳಗಿನ ಕಣಿವೆಯಲ್ಲಿ ಮನೆ, ಹಟ್ಟಿ, ಅಡಕೆತೋಟ. ಮುರಕಲ್ಲಿನ ಗುಡ್ಡಕ್ಕೆ ಬಿದ್ದ ಮಳೆ ಕಲ್ಲಿನೊಳಗೆ ಇಂಗಿ ಸುರಂಗಗಳಲ್ಲಿ ಜಿನುಗುತ್ತದೆ, ತೋಡುಗಳಲ್ಲಿ ಹರಿಯುತ್ತದೆ. ಜನರಿಗೂ ದನಗಳಿಗೂ ಅದೇ ನೀರು. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಈ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಚಿಗುರಿನ, ಹೂಗೊಂಚಲಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆಯ ಹತೋಟಿ ಅದರ ಉದ್ದೇಶ. ಗಡಿಯ ಈಚೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲ ಸರಕಾರಿ ಗೇರುತೋಟಗಳಿಗೂ ಇದೇ ಮದ್ದು ಬಿತ್ತು.

ಈ ಪ್ರಕರಣವನ್ನು ಕುರಿತ ಚರ್ಚೆ ಬಹುಪಾಲು 'ಎಂಡೋಸಲ್ಫಾನ್ ಎಷ್ಟು ವಿಷಕಾರಿ?' ಎಂಬ ಪ್ರಶ್ನೆಯ ಸುತ್ತಲೇ ನಡೆಯಿತು. ಅಪಾಯವನ್ನು ತೂಗುವ ವಿಜ್ಞಾನಕ್ಕೆ ಅದು ಅರ್ಧ ಪ್ರಶ್ನೆ ಮಾತ್ರ. ಆ ವಿಷ ಈ ಕಣಿವೆಯ ಜನರ ಮೈ ಸೇರಿದ್ದು ಎಷ್ಟು ಎಂಬುದು ಉಳಿದರ್ಧ. ಮದ್ದು ಬಿದ್ದ ಎರಡು ದಶಕಗಳಲ್ಲಿ ಆ ಅಂಕಿಯನ್ನು ಅಲ್ಲೇ ಅಳೆಯುವ ವ್ಯವಸ್ಥೆ ಇರಲಿಲ್ಲ. ದುರಂತ ಬೆಳೆಯಲು ಈ ಕೊರತೆಯೇ ಎಡೆಮಾಡಿತು ಎಂಬುದು ಈ ಲೇಖನದ ವಾದ.

ಅಂದಾಜಿನ ನಾಲ್ಕು ಹಂತಗಳು

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1983ರಲ್ಲಿ ರೂಪಿಸಿದ ಚೌಕಟ್ಟು ಇಂದಿಗೂ ಬಳಕೆಯಲ್ಲಿದೆ. ವಸ್ತುವಿನ ಹಾನಿಕಾರಕ ಗುಣವನ್ನು ಗುರುತಿಸುವುದು ಅದರ ಮೊದಲ ಹಂತ. ಎಷ್ಟು ಪ್ರಮಾಣಕ್ಕೆ ಎಷ್ಟು ಪರಿಣಾಮ ಎಂದು ತಿಳಿಯುವುದು ಎರಡನೆಯದು. ಉಸಿರು, ಚರ್ಮ, ನೀರು, ಆಹಾರಗಳ ಮೂಲಕ ದೇಹ ಸೇರುವ ಪ್ರಮಾಣವನ್ನು, ಅಂದರೆ ಒಡ್ಡಿಕೆಯನ್ನು, ಅಳೆಯುವುದು ಮೂರನೆಯದು. ಇವನ್ನೆಲ್ಲ ಕೂಡಿಸಿ ಅಪಾಯವನ್ನು ವಿವರಿಸುವುದು ನಾಲ್ಕನೆಯದು. ಹಾನಿಕಾರಕ ಗುಣ ವಸ್ತುವಿಗೆ ಸೇರಿದ್ದು. ಅಪಾಯ ಹುಟ್ಟುವುದು ಆ ವಸ್ತು ಮನುಷ್ಯರನ್ನು ಮುಟ್ಟಿದಾಗ.

ಎಂಡೋಸಲ್ಫಾನಿನ ಹಾನಿಕಾರಕ ಗುಣದ ಬಗ್ಗೆ ಹೆಚ್ಚು ವಿವಾದವಿಲ್ಲ. ನರಕೋಶಗಳ ಉದ್ರೇಕವನ್ನು ತಣಿಸುವ 'ಗಾಬಾ' ಗ್ರಾಹಕದ ಕ್ಲೋರೈಡ್ ದಾರಿಯನ್ನು ಅದು ಮುಚ್ಚುತ್ತದೆ. ತೀವ್ರ ವಿಷಪ್ರಾಶನದಲ್ಲಿ ಅಪಸ್ಮಾರದಂಥ ಸೆಳೆತ ಬರುವುದು ಇದರಿಂದಲೇ. ಮಣ್ಣಿನಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡುತ್ತದೆ. ಮಾರ್ಪಟ್ಟ ಈ ವಸ್ತುವೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು.

ಎರಡನೆಯ ಹಂತದ ಲೆಕ್ಕವನ್ನು ಬಿಡಿಸಿ ನೋಡಬಹುದು. 1998ರಲ್ಲಿ ಎಫ್‌ಎಓ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಭೆ, ಇಲಿಗಳ ಮೇಲಿನ ಎರಡು ವರ್ಷಗಳ ಪ್ರಯೋಗದಲ್ಲಿ ದುಷ್ಪರಿಣಾಮ ಕಾಣದ ಪ್ರಮಾಣವನ್ನು ಆಧಾರವಾಗಿ ಹಿಡಿಯಿತು: ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ 0.6 ಮಿಲಿಗ್ರಾಂ. ಇಲಿಗೂ ಮನುಷ್ಯರಿಗೂ ಇರುವ ಅಂತರಕ್ಕೆ 10, ಮನುಷ್ಯರೊಳಗಿನ ವ್ಯತ್ಯಾಸಕ್ಕೆ 10, ಒಟ್ಟು 100ರಿಂದ ಭಾಗಿಸಿದಾಗ ದಿನವಹಿ ಸೇವನೆಯ ಮಿತಿ ಪ್ರತಿ ಕಿಲೋಗೆ 0.006 ಮಿಲಿಗ್ರಾಂ ಆಯಿತು. 50 ಕಿಲೋ ತೂಕದವರಿಗೆ ಇದು ದಿನಕ್ಕೆ 0.3 ಮಿಲಿಗ್ರಾಂ, 15 ಕಿಲೋದ ಮಗುವಿಗೆ 0.09 ಮಿಲಿಗ್ರಾಂ. ಲೆಕ್ಕ ಎಚ್ಚರಿಕೆಯದೇ. ಆದರೆ ಅದು ಆಹಾರದಲ್ಲಿ ಉಳಿಯುವ ಶೇಷಕ್ಕೆ ಹಾಕಿದ ಮಿತಿ. ಅಂಗಳದ ಮೇಲೆ, ಹಟ್ಟಿಯ ಹುಲ್ಲಿನ ಮೇಲೆ, ತೆರೆದ ಬಾವಿಯ ಮೇಲೆ ಮದ್ದು ಇಳಿಯುವ ಊರಿಗೆ ಆ ಮಿತಿಯೊಂದೇ ರಕ್ಷಣೆಯಾಗದು.

ಹನಿ ಸಾಗುವ ದೂರ

ಮೂರನೆಯ ಹಂತದ ಮೊದಲ ಅಂದಾಜಿಗೆ ಸರಳ ಭೌತಶಾಸ್ತ್ರವೇ ಸಾಕು. ನಿಶ್ಚಲ ಗಾಳಿಯಲ್ಲಿ 100 ಮೈಕ್ರಾನ್ ವ್ಯಾಸದ ಹನಿ ಸೆಕೆಂಡಿಗೆ ಸುಮಾರು 0.27 ಮೀಟರ್ ವೇಗದಲ್ಲಿ ಬೀಳುತ್ತದೆ. 50 ಮೈಕ್ರಾನಿನದು ಸುಮಾರು 0.075 ಮೀಟರ್ ವೇಗದಲ್ಲಿ. ಹತ್ತು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲನೆಯದು ನೆಲ ಮುಟ್ಟಲು 37 ಸೆಕೆಂಡು, ಎರಡನೆಯದು 133 ಸೆಕೆಂಡು ಬೇಕು. ಸೆಕೆಂಡಿಗೆ ಎರಡು ಮೀಟರಿನ ತಂಗಾಳಿ ಬೀಸುತ್ತಿದ್ದರೆ ದೊಡ್ಡ ಹನಿ 74 ಮೀಟರ್ ಆಚೆ, ಚಿಕ್ಕ ಹನಿ ಸುಮಾರು 270 ಮೀಟರ್ ಆಚೆ ಬೀಳುತ್ತದೆ. ಏರುತಗ್ಗಿನ ಗುಡ್ಡದ ಮೇಲೆ ಹೆಲಿಕಾಪ್ಟರು ಮರದ ನೆತ್ತಿಗೆ ಒಂದೇ ಅಂತರದಲ್ಲಿ ಹಾರುವುದು ಕಷ್ಟ. ಹಾರಾಟ ಎತ್ತರವಾದಷ್ಟೂ ಹನಿ ದೂರ ಹೋಗುತ್ತದೆ, ಕೆಳಗೆ ಕಣಿವೆ ಬಾಯ್ತೆರೆದಿರುತ್ತದೆ. ಸಮತಟ್ಟಿನ ಹೊಲಕ್ಕೆ ಹೊಂದುವ ಅಂದಾಜು ಇಲ್ಲಿ ಹೊಂದುವುದಿಲ್ಲ.

ಗಾಳಿಯ ನಂತರ ನೀರಿನ ಸರದಿ. ಸುರಂಗ, ತೋಡುಗಳಿಗೆ ಇಳಿಯುವ ಮಳೆನೀರು ಹಾದುಬರುವುದು ಮದ್ದು ಬಿದ್ದ ಮಣ್ಣನ್ನೇ. ಮೂಲವಸ್ತು ಮತ್ತು ಸಲ್ಫೇಟನ್ನು ಒಟ್ಟಿಗೆ ಹಿಡಿದಾಗ ಮಣ್ಣಿನಲ್ಲಿ ಅವುಗಳ ಅರ್ಧಾಯುಷ್ಯ ಸುಮಾರು ಒಂಬತ್ತು ತಿಂಗಳಿಂದ ಆರು ವರ್ಷ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿತ್ತು. ವರ್ಷ ವರ್ಷವೂ ಸಿಂಪಡಿಸುವಲ್ಲಿ ಹಳೆಯ ಮದ್ದು ಕರಗುವ ಮೊದಲೇ ಹೊಸದು ಸೇರುತ್ತದೆ.

ಮೊದಲ ಸಾಕ್ಷಿಗಳು, ತಡವಾದ ಅಳತೆ

ಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿರುವುದನ್ನು ಕಂಡು ಪತ್ರಕರ್ತ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಬರೆದರು. ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿ ಬರುವ ರೋಗಿಗಳಲ್ಲಿ ನರದ ಕಾಯಿಲೆ, ಬುದ್ಧಿಮಾಂದ್ಯ, ಅಂಗವೈಕಲ್ಯ ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿದರು. ಇವು ಕಾರಣವನ್ನು ಸಾಬೀತುಪಡಿಸುವುದಿಲ್ಲ, ನಿಜ. ಆದರೆ ಚೌಕಟ್ಟಿನ ಮೊದಲ ಹಂತಕ್ಕೆ ಬೇಕಾದುದು ಇಂಥ ಸುಳಿವುಗಳೇ. ಅವನ್ನು ಊರವರ ಗುಮಾನಿ ಎಂದು ಬದಿಗೆ ಸರಿಸಿದ್ದು ವೈಜ್ಞಾನಿಕ ನಡೆಯಲ್ಲ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಗೆ ಬಂದದ್ದು 2001ರಲ್ಲಿ, ಸಿಂಪಡಣೆ ನಿಂತ ಮೇಲೆ. 2003ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ 10ರಿಂದ 19 ವರ್ಷದ 117 ಹುಡುಗರನ್ನು, ವೈಮಾನಿಕ ಸಿಂಪಡಣೆ ನಡೆಯದ ಊರಿನ 90 ಹುಡುಗರೊಂದಿಗೆ ಹೋಲಿಸಲಾಗಿತ್ತು. ರಕ್ತಸಾರದಲ್ಲಿ ಎಂಡೋಸಲ್ಫಾನಿನ ಸರಾಸರಿ ಮೊದಲ ಗುಂಪಿನಲ್ಲಿ 7.47 ಪಿಪಿಬಿ, ಎರಡನೆಯದರಲ್ಲಿ 1.37 ಪಿಪಿಬಿ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೂ ಒಡ್ಡಿಕೆಗೆ ಒಳಗಾದವರಲ್ಲಿ ಲೈಂಗಿಕ ಪಕ್ವತೆ ತಡವಾಗಿತ್ತು.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ನಿಧಾನವಾಗಿ ನೋಡಬೇಕು. ವೃಷಣ ಇಳಿಯುವಿಕೆಗೆ ಸಂಬಂಧಿಸಿದ ಹುಟ್ಟುದೋಷಗಳು ಮೊದಲ ಗುಂಪಿನಲ್ಲಿ ಶೇ. 5.1, ಎರಡನೆಯದರಲ್ಲಿ ಶೇ. 1.1, ಅಂದರೆ 117ರಲ್ಲಿ 6, 90ರಲ್ಲಿ 1. ಸಂಖ್ಯಾಶಾಸ್ತ್ರದ ಪ್ರಕಾರ ಈ ವ್ಯತ್ಯಾಸ ಗಣನೀಯವಲ್ಲ. ಆದರೆ ಇಷ್ಟು ವ್ಯತ್ಯಾಸವನ್ನು ಶೇ. 80ರ ಭರವಸೆಯಿಂದ ಹಿಡಿಯಲು ಪ್ರತಿ ಗುಂಪಿನಲ್ಲೂ ಸುಮಾರು 290 ಮಂದಿ ಬೇಕು. ಅಷ್ಟು ಹುಡುಗರು ಅಧ್ಯಯನದಲ್ಲಿ ಇರಲೇ ಇಲ್ಲ. 'ಗಣನೀಯವಲ್ಲ' ಎಂಬುದನ್ನು 'ತೊಂದರೆ ಇಲ್ಲ' ಎಂದು ಓದುವುದು ತಪ್ಪು. 'ಸಾಬೀತಾಗಿದೆ' ಎಂದು ಓದುವುದೂ ಅಷ್ಟೇ ತಪ್ಪು. ಸಣ್ಣ ಊರಿನ ಅಪರೂಪದ ಕಾಯಿಲೆಗಳಲ್ಲಿ ಈ ಮಿತಿ ಮತ್ತೆ ಮತ್ತೆ ಎದುರಾಗುತ್ತದೆ.

ಅನಿಶ್ಚಿತತೆಯ ಹೊರೆ

ಅನಿಶ್ಚಿತತೆ ಉಳಿದಿರುವಾಗ ಅದರ ಹೊರೆಯನ್ನು ಯಾರು ಹೊರಬೇಕು? ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದ, ಪೂರ್ಣ ವೈಜ್ಞಾನಿಕ ಖಚಿತತೆ ಇಲ್ಲವೆಂಬ ಒಂದೇ ಕಾರಣಕ್ಕೆ ಒಂದು ವಸ್ತುವಿನ ಮೇಲಿನ ಪ್ರಸ್ತಾವವನ್ನು ತಡೆಯಬಾರದು ಎನ್ನುತ್ತದೆ. 2011ರ ಏಪ್ರಿಲ್‌ನಲ್ಲಿ, ಕೆಲವು ತಾತ್ಕಾಲಿಕ ವಿನಾಯಿತಿಗಳೊಂದಿಗೆ, ಎಂಡೋಸಲ್ಫಾನ್ ಅದರ ನಿಷೇಧ ಪಟ್ಟಿಗೆ ಸೇರಿತು. ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವೂ ಮಧ್ಯಂತರ ನಿಷೇಧ ವಿಧಿಸಿತು. ಪಡ್ರೆಯ ಕರುಗಳ ಸುದ್ದಿ ಅಚ್ಚಾಗಿ ಆಗಲೇ ಮೂರು ದಶಕ ಕಳೆಯುತ್ತ ಬಂದಿತ್ತು.

ಉಪಸಂಹಾರ

ನಾಲ್ಕು ಹಂತಗಳ ವಿಧಾನ ಸೋತಿತೆಂದು ಈ ಪ್ರಕರಣದಿಂದ ತೀರ್ಮಾನಿಸಲಾಗದು. ಅದರ ಮೂರನೆಯ ಹಂತವನ್ನು ಕಣಿವೆಗೆ ಇಳಿಸಲೇ ಇಲ್ಲ. ಸಿಂಪಡಣೆಗೆ ಮೊದಲೊಮ್ಮೆ, ನಂತರ ಪ್ರತಿ ಮಳೆಗಾಲದಲ್ಲೊಮ್ಮೆ ಸುರಂಗದ ನೀರು, ಹಟ್ಟಿಯ ಹಾಲು, ತಾಯಂದಿರ ರಕ್ತವನ್ನು ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯತಿನ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿದ್ದರೆ, ಊರಿನವರ ಅನುಮಾನಕ್ಕೆ ಆ ವರ್ಷವೇ ಉತ್ತರ ಸಿಗುತ್ತಿತ್ತು. ಮುಂದೆ ಯಾವ ಗುಡ್ಡದ ಮೇಲೆ ಯಾವ ಮದ್ದು ಬಿಡುವುದಾದರೂ ಪರವಾನಗಿಯ ಕಾಗದಕ್ಕೆ ಆ ಗುಡ್ಡದ ಕೆಳಗಿನ ನೀರಿನ ಅಳತೆ ಲಗತ್ತಾಗಿರಬೇಕು.