ಲಾಗ್‌ನಲ್ಲಿ ನಿರಪರಾಧಿಗಳ ಹೆಸರು

ನಿಮ್ಮ ಗಣಕದಲ್ಲಿರುವ ವೈರಸ್ ನಿರೋಧಕ ತಂತ್ರಾಂಶದ ಲಾಗ್ ಕಡತವನ್ನು ಎಂದಾದರೂ ತೆರೆದು ನೋಡಿದ್ದೀರಾ? ನೋಡಿದ್ದರೆ ಇಂಥದೊಂದು ಸಾಲು ಸಿಕ್ಕಿರಬಹುದು: ಈ ದಿನ, ಈ ಹೊತ್ತಿಗೆ, ಈ ಪ್ರೋಗ್ರಾಂ ನಿರೋಧಕವನ್ನು ಕೊನೆಗೊಳಿಸಲು ಯತ್ನಿಸಿತು, ತಡೆಯಲಾಯಿತು. ಗಾಬರಿ ಹುಟ್ಟಿಸುವುದು ಆ ಪ್ರೋಗ್ರಾಂನ ಹೆಸರು. ಅದು ಪ್ರಿಂಟರಿನ ಜೊತೆ ಬಂದ ಸಹಾಯಕ ತಂತ್ರಾಂಶ ಆಗಿರಬಹುದು, ವಿಂಡೋಸಿನದೇ ಒಂದು ಭಾಗವೂ ಆಗಿರಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಯ ಗಣಕ ಕೊಠಡಿಯಲ್ಲಾಗಲಿ ಡಿ.ಟಿ.ಪಿ. ಅಂಗಡಿಯಲ್ಲಾಗಲಿ, ಇದನ್ನು ಕಂಡವರಿಗೆ ಥಟ್ಟನೆ ಹೊಳೆಯುವುದು ಎರಡು ದಾರಿ. ಒಂದು, ಗಣಕವನ್ನು ಫಾರ್ಮ್ಯಾಟ್ ಮಾಡುವುದು. ಇನ್ನೊಂದು, ಕಿರಿಕಿರಿ ತಪ್ಪಲೆಂದು ನಿರೋಧಕದ ಸ್ವರಕ್ಷಣೆಯನ್ನೇ ಆರಿಸಿಬಿಡುವುದು. ಮೊದಲನೆಯದರಲ್ಲಿ ಮಕ್ಕಳ ಅಂಕಪಟ್ಟಿ ಹೋಗುತ್ತದೆ, ಎರಡನೆಯದರಲ್ಲಿ ಕಾವಲೇ ಹೋಗುತ್ತದೆ. ಆ ಸಾಲು ಏಕೆ ಹುಟ್ಟಿತೆಂದು ತಿಳಿಯಬೇಕಾದರೆ ಸ್ವಲ್ಪ ಇತಿಹಾಸ ನೋಡಬೇಕು.

1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ವೈರಸ್ ಫ್ಲಾಪಿಗಳ ಮೂಲಕ ಹರಡಿದಾಗ, ಡಾಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಂಗಳ ನಡುವೆ ಗೋಡೆಯೇ ಇರಲಿಲ್ಲ. ಯಾರು ಬೇಕಾದರೂ ಯಾರ ಸ್ಮೃತಿಯನ್ನಾದರೂ ಮುಟ್ಟಬಹುದಿತ್ತು. 1993ರ ಎಂಎಸ್-ಡಾಸ್ 6ರ ಜೊತೆ 'ವಿಸೇಫ್' ಎಂಬ ಕಾವಲುಗಾರ ಬಂದ. ಅವನನ್ನು ಸ್ಮೃತಿಯಿಂದ ಹೊರಗೆ ಕಳಿಸುವ ಉಪಾಯವನ್ನು ವೈರಸ್ ಬರೆಯುವವರು ಬೇಗನೆ ಕಲಿತರು. ಅದೇ ವರ್ಷ ಬಂದ ವಿಂಡೋಸ್ ಎನ್‌ಟಿಯಲ್ಲಿ ಮಾತ್ರ ಗೋಡೆಯೂ ಬಾಗಿಲೂ ಇದ್ದವು. ಒಂದು ಪ್ರೋಗ್ರಾಂ ಇನ್ನೊಂದನ್ನು ಮುಟ್ಟಬೇಕಾದರೆ, ತನಗೆ ಯಾವ ಯಾವ ಹಕ್ಕು ಬೇಕೆಂದು ಮೊದಲೇ ಕೇಳಬೇಕು.

ಈ ಕೇಳುವ ರೀತಿ ಸ್ವಾರಸ್ಯವಾಗಿದೆ. ಪ್ರತಿ ಹಕ್ಕಿಗೂ ಒಂದು ಬಿಟ್. ಇನ್ನೊಂದು ಪ್ರಕ್ರಿಯೆಯನ್ನು ಕೊನೆಗೊಳಿಸುವ ಹಕ್ಕಿನ ಬೆಲೆ 1. ಅದರ ಸ್ಮೃತಿಯನ್ನು ಓದಲು 16, ಬರೆಯಲು 32, ಅದರ ಬಗ್ಗೆ ಮಾಹಿತಿ ಪಡೆಯಲು 1024. ಓದುವುದು ಮತ್ತು ಮಾಹಿತಿ ಪಡೆಯುವುದು ಮಾತ್ರ ಬೇಕಿದ್ದರೆ 16 ಮತ್ತು 1024 ಕೂಡಿಸಿ 1040 ಎಂದು ಕೇಳಿದರೆ ಸಾಕು. ಆದರೆ ಮನೆಗಳಲ್ಲಿ ಆಗ ಇದ್ದದ್ದು ಎನ್‌ಟಿ ಅಲ್ಲ, ವಿಂಡೋಸ್ 95 ಮತ್ತು 98. ಅಲ್ಲಿ ಈ ತಪಾಸಣೆ ಇರಲಿಲ್ಲ. ಪ್ರೋಗ್ರಾಂ ಬರೆಯುವವರು ಎಲ್ಲ ಬಿಟ್‌ಗಳನ್ನೂ ಒಟ್ಟಿಗೆ ಕೇಳುವ ಸಿದ್ಧ ಪದವೊಂದನ್ನು ಬಳಸುವ ಅಭ್ಯಾಸ ಮಾಡಿಕೊಂಡರು. 2001ರಲ್ಲಿ ಎನ್‌ಟಿಯ ವಂಶದ ಎಕ್ಸ್‌ಪಿ ಮನೆಮನೆಗೂ ಬಂದರೂ ಅಭ್ಯಾಸ ಬಿಡಲಿಲ್ಲ. ಸೋಮಾರಿತನ ಎಂದೇ ನಾನು ಇದನ್ನು ಕರೆಯುತ್ತೇನೆ.

ಅದೇ ಹೊತ್ತಿಗೆ 2001ರಲ್ಲಿ 'ಕ್ಲೆಜ್', 2002ರಲ್ಲಿ 'ಬಗ್‌ಬೇರ್' ಬಂದವು. ಇವು ಗಣಕಕ್ಕೆ ನುಗ್ಗಿದ ಮೇಲೆ ನಿರೋಧಕ ತಂತ್ರಾಂಶಗಳನ್ನು ಹೆಸರಿನಿಂದ ಹುಡುಕಿ ಕೊಲ್ಲುತ್ತಿದ್ದವು. ಉತ್ತರವಾಗಿ ನಿರೋಧಕಗಳು ತಮ್ಮನ್ನೇ ಕಾಯಲಾರಂಭಿಸಿದವು. ತನ್ನನ್ನು ಕೊನೆಗೊಳಿಸುವ ಹಕ್ಕು ಕೇಳಿದವರನ್ನು ತಡೆದು ಹೆಸರು ಬರೆದಿಡುವುದೇ ಈ ಸ್ವರಕ್ಷಣೆ. ಮೊದಮೊದಲು ಇದಕ್ಕಾಗಿ ಅವು ವಿಂಡೋಸಿನ ತಿರುಳನ್ನೇ ತಿದ್ದುತ್ತಿದ್ದವು. 64 ಬಿಟ್ ವಿಂಡೋಸಿನಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಷೇಧಿಸಿತು. 2006ರಲ್ಲಿ ಮ್ಯಾಕಫಿ, ಸಿಮ್ಯಾಂಟೆಕ್ ಕಂಪನಿಗಳು ಬಹಿರಂಗವಾಗಿ ಜಗಳ ತೆಗೆದವು. 2008ರಲ್ಲಿ ವಿಸ್ಟಾದ ಮೊದಲ ಸರ್ವಿಸ್ ಪ್ಯಾಕಿನೊಡನೆ ಅಧಿಕೃತ ದಾರಿಯೊಂದು ತೆರೆಯಿತು. ಈ ದಾರಿಯಲ್ಲಿ ಕೋರಿಕೆಯನ್ನು ಪೂರ್ತಿ ತಿರಸ್ಕರಿಸಬೇಕಿಲ್ಲ. ಅಪಾಯದ ಬಿಟ್‌ಗಳನ್ನು ಮಾತ್ರ ಸೊನ್ನೆ ಮಾಡಿ ಉಳಿದವನ್ನು ಕೊಡಬಹುದು. ಲಾಗ್‌ನಲ್ಲಿ 'ತಡೆಯಲಾಯಿತು' ಎಂದಿದ್ದರೂ ಆ ಪ್ರೋಗ್ರಾಂ ಎಂದಿನಂತೆ ನಡೆಯುತ್ತಿರುವುದನ್ನು ನೀವು ಗಮನಿಸಿರಬಹುದು. ಕಾರಣ ಇದೇ.

ಈಗ ನಿರಪರಾಧಿಯ ಕಡೆಗೆ ಬರೋಣ. ತನ್ನ ಹಳೆಯ ಪ್ರತಿ ಇನ್ನೂ ನಡೆಯುತ್ತಿದೆಯೇ ಎಂದು ತಿಳಿಯಲು ಒಂದು ಅಪ್‌ಡೇಟ್ ತಂತ್ರಾಂಶ ಗಣಕದ ಎಲ್ಲ ಪ್ರಕ್ರಿಯೆಗಳ ಬಾಗಿಲನ್ನೂ ಒಂದೊಂದಾಗಿ ತಟ್ಟುತ್ತದೆ ಎನ್ನಿ. ಹೆಸರು ಕೇಳುವುದಷ್ಟೇ ಅದರ ಉದ್ದೇಶ. ಕೇಳುವುದು ಮಾತ್ರ ಎಲ್ಲ ಹಕ್ಕುಗಳನ್ನು. ನಿರೋಧಕದ ಬಾಗಿಲು ತಟ್ಟಿದಾಗಲೆಲ್ಲ ಲಾಗ್‌ನಲ್ಲಿ ಒಂದು ಸಾಲು. ಕನ್ನಡಿಗರಿಗೆ ಹತ್ತಿರದ ಇನ್ನೊಂದು ಬಗೆಯೂ ಇದೆ. ಯಾವ ತಂತ್ರಾಂಶದಲ್ಲಾದರೂ ಕನ್ನಡ ಬೆರಳಚ್ಚಿಸಬೇಕಾದರೆ, ಕೀಲಿಮಣೆಗೂ ಆ ತಂತ್ರಾಂಶಕ್ಕೂ ನಡುವೆ ಯಾರಾದರೂ ಕುಳಿತು ಅಕ್ಷರ ಬದಲಿಸಬೇಕು. ಇದಕ್ಕೆ ವಿಂಡೋಸ್ ಕೊಡುವ ಕೊಕ್ಕೆಗಳಲ್ಲಿ ಒಂದು ಬಗೆ, ತನ್ನ ಸಂಕೇತವನ್ನು ಕಿಟಕಿಯುಳ್ಳ ಪ್ರತಿ ಪ್ರಕ್ರಿಯೆಯೊಳಗೂ ಸೇರಿಸುತ್ತದೆ. ನಿರೋಧಕದ ಕಿಟಕಿಯೂ ಅದಕ್ಕೆ ಹೊರತಲ್ಲ. ಗುಪ್ತಪದ ಕದಿಯುವ ದುಷ್ಟ ತಂತ್ರಾಂಶ ಬಳಸುವುದೂ ಇದೇ ಕೊಕ್ಕೆಯನ್ನು!

ಉದ್ದೇಶವನ್ನೇ ನೋಡಿ ತೀರ್ಮಾನಿಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಯಾವುದೇ ಪ್ರೋಗ್ರಾಂ ವೈರಸ್ಸೇ ಅಲ್ಲವೇ ಎಂದು ಎಲ್ಲ ಸಂದರ್ಭದಲ್ಲೂ ತಪ್ಪಿಲ್ಲದೆ ಹೇಳುವ ಪ್ರೋಗ್ರಾಂ ಸಾಧ್ಯವೇ ಇಲ್ಲವೆಂದು ಫ್ರೆಡ್ ಕೋಹೆನ್ 1984ರಲ್ಲೇ ತೋರಿಸಿದ್ದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ನಮ್ಮ ರೈತರು ಕಿವಿಯ ಬಳಿ ಅಲ್ಲಾಡಿಸುತ್ತಾರಲ್ಲ, ನೆನಪಿಸಿಕೊಳ್ಳಿ. ಗುಡುಗುಡು ಎಂದರೆ ಕೊಬ್ಬರಿ ಕರಟ ಬಿಟ್ಟಿದೆ ಎಂದು ಗೊತ್ತಾಗುತ್ತದೆ. ಅದರ ಬಣ್ಣ ಕೆಟ್ಟಿದೆಯೇ ಎಂಬುದನ್ನು ಸದ್ದು ಹೇಳುವುದಿಲ್ಲ, ಒಡೆದೇ ನೋಡಬೇಕು. ಸ್ವರಕ್ಷಣೆಗೆ ಕೇಳಿಸುವುದೂ ಕೋರಿದ ಹಕ್ಕಿನ ಸದ್ದು ಮಾತ್ರ.

ಹಾಗೆಂದು ನಿರೋಧಕದ ಪ್ರತಿ ತೀರ್ಪೂ ಇಷ್ಟು ನಿರುಪದ್ರವಿ ಅಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿಯ ದೋಷಪೂರಿತ ಅಪ್‌ಡೇಟ್ ಒಂದು, ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವಾದ ಎಸ್‌ವಿಸಿಹೋಸ್ಟ್ ಅನ್ನೇ ವೈರಸ್ ಎಂದು ತಿಳಿದು ಕಿತ್ತುಹಾಕಿತು. ಹಲವು ದೇಶಗಳಲ್ಲಿ ಗಣಕಗಳು ಮತ್ತೆ ಮತ್ತೆ ಆರಿ ಹೊತ್ತಿ ನಿಷ್ಪ್ರಯೋಜಕವಾದವು. ಅದು ವೈರಸ್ ಪತ್ತೆಯಲ್ಲಿ ಆದ ತಪ್ಪು. ಸ್ವರಕ್ಷಣೆಯ ಸಾಲು ಬೇರೆ ಜಾತಿ. ಅದು ಯಾರನ್ನೂ ವೈರಸ್ ಎನ್ನುತ್ತಿಲ್ಲ, ಏನನ್ನೂ ಅಳಿಸುತ್ತಿಲ್ಲ.

ಆದ್ದರಿಂದ ಆ ಸಾಲನ್ನು ಓದುವಾಗ ಹೆಸರಿಗಿಂತ ವಿಳಾಸ ನೋಡಿ. ಎಸ್‌ವಿಸಿಹೋಸ್ಟ್ ಎಂಬ ಹೆಸರಿನದು ವಿಂಡೋಸಿನ ಸಿಸ್ಟಂ32 ಕಡತಕೋಶದಿಂದ ನಡೆಯುತ್ತಿದ್ದರೆ ಸಹಜ. ಅದೇ ಹೆಸರಿನದು ತಾತ್ಕಾಲಿಕ ಕಡತಗಳ ಕೋಶದಿಂದಲೋ ಪೆನ್ ಡ್ರೈವ್‌ನಿಂದಲೋ ನಡೆಯುತ್ತಿದ್ದರೆ ತಕ್ಷಣ ಪೂರ್ಣ ತಪಾಸಣೆ ಮಾಡಿಸಿ. ಸಾಲುಗಳು ಯಾವಾಗ ಶುರುವಾದವು, ಅದರ ಹಿಂದಿನ ದಿನ ಯಾವ ತಂತ್ರಾಂಶ ಹಾಕಿದಿರಿ ಎಂಬುದೂ ಬಹಳ ಹೇಳುತ್ತದೆ. ಪರಿಚಿತ ತಂತ್ರಾಂಶವಾದರೆ ಹೊಸ ಆವೃತ್ತಿ ಹಾಕಿ. ವಿಸ್ಟಾದಿಂದೀಚೆಗೆ ಕಡಿಮೆ ಮಾಹಿತಿಗೆಂದೇ 4096 ಬೆಲೆಯ ಇನ್ನೊಂದು ಹಕ್ಕು ಇದೆ, ಅದನ್ನು ಬಳಸುವ ತಂತ್ರಾಂಶ ಈ ಸಾಲುಗಳನ್ನು ಹುಟ್ಟಿಸುವುದಿಲ್ಲ. ಸ್ವರಕ್ಷಣೆಯನ್ನು ಮಾತ್ರ ಆರಿಸಬೇಡಿ. 2013ರ ವಿಂಡೋಸ್ 8.1ರಿಂದ ನಿರೋಧಕಗಳು ಆಡಳಿತಗಾರನ ಖಾತೆಯಿಂದಲೂ ಕೊಲ್ಲಲಾಗದ ಸಂರಕ್ಷಿತ ಪ್ರಕ್ರಿಯೆಗಳಾಗಿ ನಡೆಯಬಲ್ಲವು. 2019ರಲ್ಲಿ ವಿಂಡೋಸಿನ ಸ್ವಂತ ನಿರೋಧಕಕ್ಕೂ ಅದರ ವ್ಯವಸ್ಥೆಗಳನ್ನು ಬೇರೆಯವರು ಬದಲಿಸದಂತೆ ತಡೆಯುವ ಸೌಲಭ್ಯ ಬಂತು.