ಸಲಿಕೆ ಕಲಿಸಿದ ಪಾಠ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಪಡೆದು, ಸೇನೆಯಲ್ಲಿ ದುಡಿದು ನಿವೃತ್ತನಾದವನು. ಈಗ ಮಕ್ಕಳನ್ನು ಚಾರಣಕ್ಕೆ ಕರೆದೊಯ್ಯುತ್ತಾನೆ. ಕಾಲಿಗೆ ನಮಸ್ಕರಿಸಿ, ಚೀಲದಿಂದ ಪುಟ್ಟ ಸಲಿಕೆಯೊಂದನ್ನು ತೆಗೆದು ನನ್ನ ಕೈಗಿತ್ತ. ಮರದ ಹಿಡಿ, ಗಟ್ಟಿ ಉಕ್ಕಿನ ಅಲಗು.

"ನೀನು ಮಣ್ಣು ಹೊರೋಕೇ ಲಾಯಕ್ಕು ಅಂದಿದ್ರಲ್ಲ ಸಾರ್, ಅದರಿಂದಲೇ ಅನ್ನ ತಿಂದೆ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಇತಿಹಾಸದ ಇಸವಿಯೊಂದನ್ನು ತಪ್ಪು ಹೇಳಿದ್ದಕ್ಕೆ ಇಡೀ ತರಗತಿಯ ಮುಂದೆ ನಾನಾಡಿದ್ದ ಮಾತು ಅದು.

ಅವನು ಹೋದ ಮೇಲೆ ಆ ಸಲಿಕೆಯ ಚರಿತ್ರೆಯನ್ನು ಓದತೊಡಗಿದೆ. ಅಲ್ಲಿಯೂ ಮೊದಲು ಎದುರಾದದ್ದು ತಾತ್ಸಾರವೇ. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ದಕ್ಷಿಣದ ಸೇನಾಪತಿ ರಾಬರ್ಟ್ ಲೀ ರಿಚ್ಮಂಡ್ ನಗರದ ಸುತ್ತ ಕಂದಕ ತೋಡಿಸಿದಾಗ ಜನ ಅವನನ್ನು 'ಸಲಿಕೆಗಳ ರಾಜ'ನೆಂದು ಅಣಕಿಸಿದರು. ಎರಡೇ ವರ್ಷಗಳಲ್ಲಿ, ಪೀಟರ್ಸ್‌ಬರ್ಗ್ ಬಳಿ ಎರಡೂ ಪಕ್ಷಗಳ ಸೈನಿಕರು ತಿಂಗಳುಗಟ್ಟಲೆ ಕಂದಕಗಳಲ್ಲೇ ಬದುಕಬೇಕಾಯಿತು.

ಕಾರಣವಿಷ್ಟೆ: ಬಂದೂಕಿನ ಗುಂಡು ಹೆಚ್ಚು ದೂರ, ಹೆಚ್ಚು ನೇರವಾಗಿ ಹೋಗತೊಡಗಿತ್ತು. ನಿಂತವನಿಗೆ ಉಳಿಗಾಲವಿರಲಿಲ್ಲ. ಆದರೆ ಅಗೆಯುವ ದೊಡ್ಡ ಸಲಕರಣೆಗಳು ಹಿಂದಿನ ಬಂಡಿಗಳಲ್ಲಿರುತ್ತಿದ್ದವು. 1869ರ ಸುಮಾರಿಗೆ ಡೆನ್ಮಾರ್ಕಿನ ಸೇನಾಧಿಕಾರಿ ಲಿನ್ನೆಮನ್, ಪ್ರತಿಯೊಬ್ಬ ಸೈನಿಕನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಾದ ಗಿಡ್ಡ ಸಲಿಕೆಯನ್ನು ರೂಪಿಸಿದ. ನಮ್ಮ ಗುದ್ದಲಿಯನ್ನು ಎತ್ತಿ ಬೀಸಲು ಎದ್ದು ನಿಲ್ಲಬೇಕು; ಇದರಿಂದ ಮಲಗಿಕೊಂಡೇ ಮಣ್ಣು ಕೆದಕಿ ತಲೆಯ ಮುಂದೆ ಒಡ್ಡು ಹಾಕಿಕೊಳ್ಳಬಹುದು. ಮುಂದೆ ಆಸ್ಟ್ರಿಯಾ, ರಷ್ಯಾಗಳೂ ಇದನ್ನು ಅಳವಡಿಸಿಕೊಂಡವು.

1877ರಲ್ಲಿ ಪ್ಲೆವ್ನಾದಲ್ಲಿ ತುರ್ಕರು ಮಣ್ಣಿನ ಕೋಟೆಗಳ ಮರೆಯಲ್ಲಿ ಸುಮಾರು ಐದು ತಿಂಗಳು ರಷ್ಯನ್ನರನ್ನು ತಡೆದು ನಿಲ್ಲಿಸಿದರು. ಅಗೆಯಬಲ್ಲವನೇ ಉಳಿಯಬಲ್ಲನೆಂಬುದು ಆಮೇಲೆ ಎಲ್ಲ ಸೇನೆಗಳಿಗೂ ಮನದಟ್ಟಾಯಿತು. ರಷ್ಯಾದ ಸಲಿಕೆ ಇಂದಿಗೂ ಹೆಚ್ಚುಕಡಿಮೆ ಅದೇ ಆಕಾರದ್ದು: ಉದ್ದ 50 ಸೆಂಟಿಮೀಟರ್, ಅಲಗಿನ ಅಗಲ 15. ಈ ಅಳತೆಗಳಿರುವುದರಿಂದ ಸಲಿಕೆಯೇ ಅಳತೆಗೋಲೂ ಆಗುತ್ತದೆ. ಅಂಚನ್ನು ಮಸೆದರೆ ಕೊಂಬೆ ಕಡಿಯಲೂ ಆದೀತು. ಚಾರಣಿಗರು ಮೆಚ್ಚುವುದು ಇದಕ್ಕಾಗಿಯೇ.

ಹಲವಾರು ವರ್ಷ ನಾನು ಮೊದಲನೆಯ ಮಹಾಯುದ್ಧದ ಪಾಠ ಮಾಡಿದೆ. 1914ರಿಂದ ಲಕ್ಷಾಂತರ ಮಂದಿ ಕಂದಕಗಳಲ್ಲಿ ಕಳೆದರೆಂದು ಹೇಳಿದೆ. ಆ ಕಂದಕಗಳನ್ನು ತೋಡಿದ ಕೈಗಳ ಬಗ್ಗೆ, ಆ ಕೈಯಲ್ಲಿದ್ದ ಸಲಿಕೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಸವಿ ತಪ್ಪಿದ ಹುಡುಗನನ್ನು ಹೀಗಳೆಯಲು ಮಾತ್ರ ಮಣ್ಣಿನ ಕೆಲಸ ನೆನಪಾಯಿತು.

ಪಾಠ ತಪ್ಪಿದವನು ಅವನೊಬ್ಬನೇ ಅಲ್ಲ. ಅಂದು ಆ ತರಗತಿಯಲ್ಲಿದ್ದ ನಿಮ್ಮೆಲ್ಲರ ಎದುರಿಗೆ ಅವನ ಕ್ಷಮೆ ಕೋರುತ್ತಿದ್ದೇನೆ. ಸಲಿಕೆ ಈಗ ನನ್ನ ಪುಸ್ತಕದ ಕಪಾಟಿನ ಪಕ್ಕದಲ್ಲಿದೆ. ಬೆಳಿಗ್ಗೆ ಹೊತ್ತು ದಾಸವಾಳದ ಪಾತಿಯಲ್ಲಿರುತ್ತದೆ.